ಊರ ಹೆಸರಿನ ತಂಡ

ದಾವಣಗೆರೆಯ ನಗರದೇವತೆಯಾದ ಶ್ರೀ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆಯ ಬೆನ್ನಿಗೇ ಬಯಲು ಕುಸ್ತಿಯೂ ಬರುತ್ತದೆ. ಆ ಕುಸ್ತಿಗೆ ತಪ್ಪದೆ ಹಾಜರಾಗುವ ವಯೋವೃದ್ಧರೊಬ್ಬರುಂಟು. ಅವರು ಹರಿಹರದವರು. 1941ರಲ್ಲಿ ಅಲ್ಲಿ ಸ್ಥಾಪಿತವಾಗಿ, ಈಗ ಹೆಸರು ಮಾತ್ರ ಉಳಿದಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಆಯುಷ್ಯದ ಬಹುಭಾಗವನ್ನು ಸವೆಸಿದವರು. ನಿವೃತ್ತಿಯ ತರುವಾಯ ದಾವಣಗೆರೆಯಲ್ಲಿ ಮಗಳ ಮನೆಯಲ್ಲಿ ನೆಲೆಸಿದ್ದರೂ ತಮ್ಮನ್ನು ಹರಿಹರದವರೆಂದೇ ಹೇಳಿಕೊಳ್ಳುವ ಅಭಿಮಾನ ಅವರದು.

ಕುಸ್ತಿಯ ಕಣದಲ್ಲಿ ಅವರಿಗೊಂದು ಕೆಲಸವುಂಟು. ಅದು ಜೋಡಿ ಕಟ್ಟುವ ಕೆಲಸ. ಬೆಳಗಾವಿ, ಧಾರವಾಡ, ಕೊಲ್ಲಾಪುರಗಳ ಕಡೆಯಿಂದ ಬಂದ ಪೈಲ್ವಾನರು ಸಾಲಾಗಿ ನಿಂತಾಗ ಈ ಹಿರಿಯರು ಒಬ್ಬೊಬ್ಬರ ಹೆಗಲು, ಕೊರಳು, ಮೀನಖಂಡಗಳನ್ನು ನಿಟ್ಟಿಸುವರು. ಗುರು ಯಾರು, ಗರಡಿ ಯಾವುದು ಎಂದು ವಿಚಾರಿಸುವರು. ಅನಂತರ ಇಬ್ಬರ ಕೈಗಳನ್ನು ಹಿಡಿದು ಜೋಡಿಸುವರು. ಕಬ್ಬಿಣದಲ್ಲಿ ಕೂದಲೆಳೆಯ ವ್ಯತ್ಯಾಸವನ್ನು ಗುರುತಿಸಿದ ಕಣ್ಣಿಗೆ ಮನುಷ್ಯನ ತೂಕವನ್ನು ಅಳೆಯಲು ತಕ್ಕಡಿ ಬೇಕಾಗಲಿಲ್ಲ. ಜೋಡಿ ತಪ್ಪಿದರೆ ಕುಸ್ತಿ ಕ್ಷಣಮಾತ್ರದಲ್ಲಿ ಮುಗಿದು ಜನ ಕೂಗಾಡುವರು. ಆ ಅಪಕೀರ್ತಿ ಗೆದ್ದವನಿಗೂ ಸೋತವನಿಗೂ ತಟ್ಟದು, ಜೋಡಿ ಕಟ್ಟಿದವರಿಗೇ ತಟ್ಟುವುದು.

ಇಂತಹ ಕೆಲಸಗಳು ಅಲ್ಲಿ ಹಲವು. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ, ನಿಂಬೆಯ ರಸಗಳನ್ನು ಬೆರೆಸಿ ಹದಗೊಳಿಸುವವರು ಒಬ್ಬರಾದರೆ ಹಲಗೆ ಬಾರಿಸುವವರು ಮತ್ತೊಬ್ಬರು. ಪೈಲ್ವಾನರಿಗೆ ಒಂದು ಮನೆಯಿಂದ ಹಾಲು, ಇನ್ನೊಂದು ಮನೆಯಿಂದ ಊಟ. ವರ್ತಕರೊಬ್ಬರ ಬೆಳ್ಳಿಯ ಗದೆಯಾದರೆ ಮಂಡಕ್ಕಿ-ಮೆಣಸಿನಕಾಯಿ ಮಾರುವವನದು ಹಲಗೆಯವರಿಗೆ ಪುಕ್ಕಟೆ ಫಳಾರ. (ಗದೆ ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಸಾರುವುದುಂಟು, ಫಳಾರ ಕೊಟ್ಟವನ ಹೆಸರನ್ನು ಸಾರಿದ್ದು ಯಾರೂ ಕೇಳಿಲ್ಲ.) ಕಣದಲ್ಲಿ ಸೆಣಸುವ ಇಬ್ಬರೂ ಪರಊರಿನವರಾಗಿರಬಹುದು, ಆದರೂ ಅದು ದಾವಣಗೆರೆಯ ಕುಸ್ತಿಯೇ.

2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಎಂಬ ಕ್ರಿಕೆಟ್ ಪಂದ್ಯಾವಳಿ ಆರಂಭವಾಯಿತು. ಎಂಟು ತಂಡಗಳಲ್ಲಿ ಒಂದರ ಹೆಸರು ದಾವಣಗೆರೆ ಡೈಮಂಡ್ಸ್. ವೇಗದ ಬೌಲರ್ ವಿನಯ್ ಕುಮಾರ್ ಅವರನ್ನು ರಾಜ್ಯಕ್ಕೆ ಕೊಟ್ಟ ಊರಿಗೆ ಇದು ಸಹಜವಾಗಿಯೇ ಹೆಮ್ಮೆಯ ವಿಷಯವಾಗಿತ್ತು. ಹಿರಿಯರ ಮೊಮ್ಮಗ ಆಗ ಹತ್ತು ವರ್ಷದ ಬಾಲಕ. ಪತ್ರಿಕೆಯಲ್ಲಿ ತಂಡದ ಸುದ್ದಿ ಬಂದುದನ್ನೆಲ್ಲ ಕತ್ತರಿಸಿ ನೋಟ್ ಪುಸ್ತಕದಲ್ಲಿ ಅಂಟಿಸುತ್ತಿದ್ದ. ಒಂದು ದಿನ ಕೇಳಿದ:

"ಅಜ್ಜಾ, ನಮ್ಮೂರ ಟೀಮಿನ ಮ್ಯಾಚು ನಮ್ಮೂರಾಗ ಯಾವಾಗ ಐತಿ?"

"ಇಲ್ಲಿ ಇಲ್ಲಪ್ಪ. ಬ್ಯಾರೆ ಕಡೆ ಆಡ್ತಾರ."

"ಹಂಗಾರ ಅದು ನಮ್ಮೂರ ಟೀಮು ಹೆಂಗಾತು?"

ಅಜ್ಜ ಉತ್ತರಿಸಲಿಲ್ಲ. ಆ ಪ್ರಶ್ನೆಯನ್ನು ಮಾತ್ರ ಅವರು ಮರೆಯಲಿಲ್ಲ. ಆಟಗಾರರು ಹೊರಗಿನವರೆಂಬುದು ಅವರಿಗೆ ಕೊರತೆಯಾಗಿ ತೋರಲಿಲ್ಲ. ಕೊಲ್ಲಾಪುರದ ಪೈಲ್ವಾನನನ್ನು ಒಂದು ಮಧ್ಯಾಹ್ನದಲ್ಲಿ ತನ್ನವನನ್ನಾಗಿ ಮಾಡಿಕೊಂಡ ಊರಲ್ಲವೇ ಇದು! ತಂಡ ಕಟ್ಟಿದವರು ಹಣ ಹಾಕಿದ್ದರು, ಉಡುಪು ಕೊಟ್ಟಿದ್ದರು, ಊರಿನ ಹೆಸರನ್ನು ನಾಡಿನ ಮುಂದೆ ಇಟ್ಟಿದ್ದರು. ಅದು ಅಲ್ಪವಾದ ಸೇವೆಯಲ್ಲ. ಆದರೆ ಊರಿನವರಿಗೆ ಮಾಡಲು ಒಂದು ಕೆಲಸವೂ ಇರಲಿಲ್ಲ.

ಸಾಗರದಾಚೆಯ ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವುಂಟು. ಅದರ ಮಹಾತಂಡಗಳು ಮಹಾನಗರಗಳಲ್ಲಿರುತ್ತವೆ. ಅವುಗಳ ಕೈಕೆಳಗಿನ ಚಿಕ್ಕ ತಂಡಗಳು ದಾವಣಗೆರೆ, ಹರಿಹರಗಳಂತಹ ಊರುಗಳಲ್ಲಿರುತ್ತವೆ. ಚಿಕ್ಕ ತಂಡದ ಆಟಗಾರರನ್ನು ಆರಿಸುವುದೂ ಅವರಿಗೆ ಸಂಬಳ ಕೊಡುವುದೂ ಮಹಾತಂಡವೇ. ಚೆನ್ನಾಗಿ ಆಡಿದವನನ್ನು ಋತುವಿನ ನಡುವೆಯೇ ಮೇಲಕ್ಕೆ ಕರೆಸಿಕೊಳ್ಳುವುದೂ ಉಂಟು. ಹಾಗಾದರೆ ಊರಿನಲ್ಲಿ ತಂಡ ನಡೆಸುವವನ ಪಾಲಿಗೆ ಉಳಿಯುವುದೇನು? ಮೈದಾನ, ಟಿಕೆಟ್ಟು, ತಿಂಡಿಯಂಗಡಿ, ಶಾಲೆಯ ಮಕ್ಕಳನ್ನು ಕರೆತರುವ ಸಂಜೆ, ಬಂದವರನ್ನು ಬಾಗಿಲಲ್ಲಿ ನಿಂತು ಮಾತನಾಡಿಸುವುದು. ಸೋಲುಗೆಲುವುಗಳ ಮೇಲೆ ಅವನಿಗೆ ಅಧಿಕಾರವಿಲ್ಲ, ಆತಿಥ್ಯದ ಮೇಲೆ ಉಂಟು. ಜಾತ್ರೆಯ ಕುಸ್ತಿ ನಡೆಸುವವರ ಸ್ಥಿತಿಯೂ ಇದೇ ಅಲ್ಲವೇ? ಇಷ್ಟಿದ್ದೂ, 2021ರಲ್ಲಿ ಅಲ್ಲಿನ ವ್ಯವಸ್ಥೆಯನ್ನು ಮರುರಚಿಸಿದಾಗ ಮಹಾತಂಡಗಳ ಆಶ್ರಯದಲ್ಲಿದ್ದ 160 ಚಿಕ್ಕ ತಂಡಗಳು 120ಕ್ಕೆ ಇಳಿದವು. ಊರಿನ ಅಕ್ಕರೆಯೊಂದೇ ಎಲ್ಲವನ್ನೂ ಕಾಯುತ್ತದೆಂದು ಹೇಳುವಂತಿಲ್ಲ.

ಇತ್ತ ಕರ್ನಾಟಕದ ಪಂದ್ಯಾವಳಿ 2010ರ ಬಳಿಕ ನಿಂತು, 2014ರಲ್ಲಿ ಮರಳಿ ಬಂದಾಗ ದಾವಣಗೆರೆಯ ಹೆಸರು ಅದರಲ್ಲಿ ಇರಲಿಲ್ಲ. 2019ರಲ್ಲಿ ಮೋಸದಾಟದ ಪ್ರಕರಣಗಳು ಹೊರಬಿದ್ದು ಆ ಪಂದ್ಯಾವಳಿಯೇ ಕೊನೆಗೊಂಡಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೆಸರಿನಲ್ಲಿ ಆರು ತಂಡಗಳು ಕಣಕ್ಕಿಳಿದವು: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿ, ಶಿವಮೊಗ್ಗ. ನೆರೆಯ ಶಿವಮೊಗ್ಗಕ್ಕೆ ತಂಡವುಂಟು, ದಾವಣಗೆರೆಗಿಲ್ಲ. ಊರಿನಲ್ಲಿ ಯಾರೂ ಈ ಬಗ್ಗೆ ಜಗಳವಾಡಲಿಲ್ಲ. ಹಿರಿಯರಿಗೆ ನೋವಾದದ್ದು ತಂಡ ಹೋದದ್ದಕ್ಕಿಂತ ಈ ಮೌನದಿಂದಲೇ. ಜಾತ್ರೆಯ ಕುಸ್ತಿಯನ್ನು ಒಂದು ಸಲ ನಿಲ್ಲಿಸುವೆವೆಂದು ಯಾರಾದರೂ ಹೇಳಿದ್ದರೆ ಹಲಗೆಯವನಿಂದ ಹಾಲಿನವಳವರೆಗೆ ಎಲ್ಲರೂ ಗುಡಿಯ ಮುಂದೆ ನೆರೆಯುತ್ತಿದ್ದರು.

ಮೊಮ್ಮಗ ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಅಂಟಿಸಿದ ಪುಸ್ತಕ ಅಟ್ಟದ ಮೇಲಿದೆ. ಇತ್ತೀಚಿನ ಜಾತ್ರೆಗೆ ರಜೆ ಹಾಕಿ ಬಂದಿದ್ದ. ಹಿರಿಯರಿಗೆ ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ. ಕಣದ ಆಚೆ ನಿಂತ ಪೈಲ್ವಾನರು ಬರಿಯ ನೆರಳುಗಳಂತೆ ತೋರುತ್ತಾರೆ. ಜೋಡಿ ಕಟ್ಟುವ ಹೊತ್ತಿಗೆ ಮೊಮ್ಮಗನ ಭುಜವನ್ನು ಹಿಡಿದು ಮುಂದೆ ನಡೆದರು.

"ಆ ಹುಡುಗನ ಕಿವಿ ನೋಡಿ ಹೇಳು. ಮಡಚಿಕೊಂಡೈತೋ, ನೆಟ್ಟಗೈತೋ?"

"ಮಡಚಿಕೊಂಡೈತಿ ಅಜ್ಜ. ಯಾಕ?"

"ಹಂಗಾರ ಅಂವ ಭಾಳ ವರ್ಷ ಮಣ್ಣಾಗ ಆಡ್ಯಾನ. ಹೊಸಬನ ಜೋಡಿ ಹಾಕಬಾರದು. ಅಂತಾ ಕಿವಿಯವನು ಇನ್ನೊಬ್ಬ ಅದಾನೇನು, ಹುಡುಕು."

ಮೊಮ್ಮಗ ಪಾದರಕ್ಷೆಗಳನ್ನು ಕಳಚಿಟ್ಟು ಕಣದೊಳಗೆ ಇಳಿದನು.