ಕೆಟ್ಟರೆ ಕೆಡಲಿ, ಮಕ್ಕಳು ಕಲಿಯಲಿ

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಗಿಡಕ್ಕೆ ತಾನಾಗಿಯೇ ನೀರು ಬಿಡುವ ಪುಟ್ಟ ಪಂಪು ಮಾಡುತ್ತಿದ್ದಳು. ಕೋಡ್ ಬರೆದುಕೊಟ್ಟಿದ್ದು ಎಐ. ಆದರೆ ಮಣ್ಣು ಒದ್ದೆಯಿದ್ದಾಗ ಪಂಪು ಓಡುತ್ತಿತ್ತು, ಒಣಗಿದಾಗ ನಿಲ್ಲುತ್ತಿತ್ತು! ಸೆನ್ಸರನ್ನು ಒಮ್ಮೆ ಒಣಮಣ್ಣಿಗೆ ಚುಚ್ಚಿ, ಒಮ್ಮೆ ನೀರಿನ ಲೋಟಕ್ಕೆ ಅದ್ದಿ, ಎರಡೂ ಅಂಕಿ ಬರೆದುಕೊಂಡಳು. ಒಣಗಿದಷ್ಟೂ ಅಂಕಿ ಏರುತ್ತಿತ್ತು. ಕೋಡ್ ಅದನ್ನು ಉಲ್ಟಾ ಹಿಡಿದಿತ್ತು. ಒಂದೇ ಒಂದು ಚಿಹ್ನೆ ತಿದ್ದಿದಳು, ಪಂಪು ದಾರಿಗೆ ಬಂತು.

ನಾಳೆಯ ಕೆಲಸಗಳಿಗೆ ಬೇಕಾದದ್ದು ಇದೇ. ಉತ್ತರ ಕೊಡಲು ಯಂತ್ರವಿದೆ. ಆ ಉತ್ತರ ಸರಿಯೇ ಎಂದು ಮಣ್ಣಿಗೆ ಕೈಹಾಕಿ ನೋಡುವವರು ಬೇಕು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೀಗೆ ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದೇ 2016ರಲ್ಲಿ ಶುರುವಾದ ಯೋಜನೆಯಡಿ ದೇಶದ ಸುಮಾರು 10,000 ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿವೆ, 6ರಿಂದ 12ನೇ ತರಗತಿಯ ಮಕ್ಕಳಿಗಾಗಿ. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್ ಕೊಡುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ನಿಮ್ಮೂರ ಶಾಲೆಯಲ್ಲಿ ಲ್ಯಾಬ್ ಇದ್ದರೆ ಒಮ್ಮೆ ಹೋಗಿ ನೋಡಿ. ಹಾಳಾಗುತ್ತದೆಂದು ಅಲ್ಲಿನ ಪ್ರಯೋಗದ ಕಿಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ, ದಯವಿಟ್ಟು ಆ ಬೀಗ ತೆಗೆಸಿ.