ಬಿಸಿಲ ನಾಡನ್ನು ಎದುರುನೋಡುತ್ತ

ಬರುವ ಜೂನ್ ತಿಂಗಳ ಕೊನೆಯ ವಾರದಲ್ಲಿ ನಾವು ಒಮಾನ್ ದೇಶಕ್ಕೆ ಹೊರಟಿದ್ದೇವೆ. ಈ ಮಾತನ್ನು ಕೇಳಿದ ಹಿತೈಷಿಗಳು ಮೊದಲು ನಮ್ಮ ಮುಖವನ್ನು, ಆಮೇಲೆ ಗೋಡೆಯ ಮೇಲಿನ ದಿನದರ್ಶಿಕೆಯನ್ನು ನೋಡುತ್ತಾರೆ. ಅರವತ್ತೈದು ದಾಟಿದವರು ಅರಬರ ನಾಡಿಗೆ ಹೋಗುವುದಾದರೆ ಚಳಿಗಾಲದಲ್ಲಿ ಹೋಗಬೇಕೆಂಬುದು ಎಲ್ಲರೂ ಒಪ್ಪುವ ವಿವೇಕ. ವೈದ್ಯರು ಅದನ್ನೇ ಹೇಳಿದರು. ಅಲ್ಲಿರುವ ಮಗನೂ ಅದನ್ನೇ ಹೇಳಿದ. ಆದರೂ ನಾವು ಬೇಸಿಗೆಯನ್ನೇ ಆರಿಸಿಕೊಂಡೆವು. ಅದಕ್ಕೆ ಕಾರಣವುಂಟು. ಅದನ್ನು ಮುಂದೆ ನಿವೇದಿಸುತ್ತೇವೆ.

ಕಲಬುರಗಿ, ರಾಯಚೂರು ಸೀಮೆಯ ಬಿಸಿಲುಂಡು ಬೆಳೆದವರಿಗೆ ನಲವತ್ತು ಡಿಗ್ರಿಯೆಂಬುದು ಹೊಸತಲ್ಲ. ಆದರೆ ನಮ್ಮಲ್ಲಿ ಇರುಳಾದೊಡನೆ ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಗಾಳಿಗೆ ಮೈಯೊಡ್ಡಬಹುದು. ಮಸ್ಕತ್ತಿನ ಕಡಲತೀರದಲ್ಲಿ ಆ ಸೌಭಾಗ್ಯವೂ ಇಲ್ಲವಂತೆ. ಸಮೀಪದ ಕುರಿಯಾತ್ ಎಂಬ ಊರಿನಲ್ಲಿ 2018ರ ಜೂನ್ 26ರಂದು ಹಗಲಿರುಳೆನ್ನದೆ ಇಪ್ಪತ್ತನಾಲ್ಕು ಗಂಟೆಯೂ ಉಷ್ಣತೆಯು 42.6 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಇಂಥ ನಾಡಿನಲ್ಲಿ ಮನುಷ್ಯರು ಸಾವಿರಾರು ವರ್ಷಗಳಿಂದ ಹೇಗೆ ಬಾಳಿದರು ಎಂಬ ಪ್ರಶ್ನೆಯೇ ನಮ್ಮ ಕುತೂಹಲದ ಮೊದಲ ಬೀಜ.

ಉತ್ತರವು ಅಲ್ಲಿಯ ‘ಫಲಜ್’ ಎಂಬ ಕಾಲುವೆಗಳಲ್ಲಿದೆ. ಬೆಟ್ಟದ ಬುಡದಲ್ಲಿ ಸಿಕ್ಕ ನೀರನ್ನು ನೆಲದಡಿಯ ಸುರಂಗಗಳಲ್ಲಿ, ಬಯಲಿನ ಕಾಲುವೆಗಳಲ್ಲಿ ಕೇವಲ ಇಳಿಜಾರಿನ ಬಲದಿಂದಲೇ ಊರಿಗೆ ತರುವ ವ್ಯವಸ್ಥೆಯಿದು. ಇಂದಿಗೂ ಸುಮಾರು 3000 ಕಾಲುವೆಗಳು ಹರಿಯುತ್ತಿವೆ. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಿಜ್ವಾ ನಗರದ ದಾರಿಸ್ ಕಾಲುವೆ ಅವುಗಳಲ್ಲೊಂದು. ಫಲಜ್ ಎಂಬ ಶಬ್ದಕ್ಕೆ ಪಾಲು ಮಾಡುವುದು ಎಂದೇ ಅರ್ಥ. ನೀರು ಮೊದಲು ಕುಡಿಯುವುದಕ್ಕೆ, ಆಮೇಲೆ ಪ್ರಾರ್ಥನಾಮಂದಿರಕ್ಕೆ ಮತ್ತು ಸ್ನಾನಕ್ಕೆ, ಕೊನೆಗೆ ಖರ್ಜೂರದ ತೋಟಗಳಿಗೆ. ತೋಟಗಳಿಗೆ ಹಂಚುವಾಗ ಹಗಲು ನೆಟ್ಟ ಕೋಲಿನ ನೆರಳನ್ನೂ ಇರುಳು ನಕ್ಷತ್ರಗಳನ್ನೂ ನೋಡಿ ಕಾಲವನ್ನು ಅಳೆಯುತ್ತಿದ್ದರು. ಸುಮಾರು ಅರ್ಧ ಗಂಟೆಯ ಹರಿವಿಗೆ ಒಂದು ‘ಅಥರ್’ ಎಂದು ಹೆಸರು. ಇದನ್ನೆಲ್ಲ ನೋಡಿಕೊಳ್ಳುವ ಹಿರಿಯನನ್ನು ‘ವಕೀಲ’ನೆನ್ನುತ್ತಾರೆ. ನಮ್ಮಲ್ಲಿ ವಕೀಲನು ವ್ಯಾಜ್ಯ ಹೂಡಿದ ಮೇಲೆ ಬರುತ್ತಾನೆ. ಅಲ್ಲಿ ವ್ಯಾಜ್ಯವೇ ಹುಟ್ಟದಂತೆ ಕಾಲುವೆಯ ದಂಡೆಯಲ್ಲಿ ನಿಂತಿರುತ್ತಾನೆ.

ಇದನ್ನು ಓದಿದಾಗ ನಮ್ಮ ಬಾಲ್ಯದ ಪ್ರಸಾದನಿಲಯ ಕಣ್ಣಮುಂದೆ ಬಂದಿತು. ಮಠದ ಬಾವಿಯಲ್ಲಿ ಬೇಸಿಗೆಗೆ ನೀರು ಪಾತಾಳ ಸೇರುತ್ತಿತ್ತು. ಹುಡುಗನೊಬ್ಬನಿಗೆ ದಿನಕ್ಕೆ ಒಂದೇ ಕೊಡ. ಬಾವಿಕಟ್ಟೆಯ ಮೇಲೆ ಕುಳಿತ ವೃದ್ಧ ಸೇವಕರೊಬ್ಬರು ಎಣಿಸಿ ಕೊಡುತ್ತಿದ್ದರು. ಒಮ್ಮೆ ನಾವು ಎರಡನೆಯ ಕೊಡಕ್ಕೆ ಕೈಚಾಚಿದೆವು. ಅವರು ಬೈಯಲಿಲ್ಲ. ನಮ್ಮ ಹಿಂದೆ ಸಾಲಿನಲ್ಲಿದ್ದ ಪುಟ್ಟ ಹುಡುಗನನ್ನು ಬೆರಳೆತ್ತಿ ತೋರಿಸಿದರು, ಅಷ್ಟೆ. ನಿಜ್ವಾದ ದಂಡೆಯಲ್ಲಿ ಕುಳಿತಾಗ ಅವರ ನೆನಪು ಬಾರದಿರದು.

ಮಸ್ಕತ್ತಿನಿಂದ ಸುಮಾರು ಸಾವಿರ ಕಿಲೋಮೀಟರು ತೆಂಕಣಕ್ಕೆ ಸಲಾಲಾ ಇದೆ. ನಮಗೆ ಮುಂಗಾರು ತರುವ ಅದೇ ನೈಋತ್ಯ ಮಾರುತವು ಆ ಕರಾವಳಿಯನ್ನೂ ಸೋಕುತ್ತದೆ. ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಮಂಜು, ತುಂತುರು; ಬೋಳುಬೆಟ್ಟಗಳೆಲ್ಲ ಹಸಿರು. ಸುತ್ತಲಿನ ದೇಶಗಳವರು ತೋಯಿಸಿಕೊಳ್ಳುವುದಕ್ಕೆಂದೇ ಅಲ್ಲಿಗೆ ಬರುತ್ತಾರೆ. ಅದೇ ಬೆಟ್ಟಗಳಾಚೆಯ ಒಣನೆಲದಲ್ಲಿ ಲೋಬಾನದ ಮರಗಳಿವೆ. ಅದು ನಮ್ಮ ಆಯುರ್ವೇದದ ಶಲ್ಲಕಿಯ ಸಮೀಪದ ಬಂಧು. ತೊಗಟೆಯನ್ನು ಕೆತ್ತಿದರೆ ಹಾಲಿನಂಥ ರಸವೊಸರಿ, ಗಾಳಿಗೆ ಗಟ್ಟಿಯಾಗಿ, ಸುಗಂಧದ ಹರಳಾಗುತ್ತದೆ.

ಅಪರಿಚಿತವೆಂದುಕೊಂಡ ನಾಡು ಓದುತ್ತ ಹೋದಂತೆ ಅಷ್ಟೊಂದು ಅಪರಿಚಿತವಾಗಿ ಉಳಿಯಲಿಲ್ಲ. 1970ರವರೆಗೆ ಅಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನ ಗಲ್ಫ್ ರೂಪಾಯಿಯೇ ಚಲಾವಣೆಯಲ್ಲಿತ್ತು. ಇಂದಿನ ಒಂದು ರಿಯಾಲಿಗೆ ಸಾವಿರ ‘ಬೈಸಾ’. ಅರಬ್ಬಿಯಲ್ಲಿ ಪಕಾರವಿಲ್ಲದ ಕಾರಣ ನಮ್ಮ ಪೈಸೆಯೇ ಅಲ್ಲಿ ಬೈಸಾ ಆಯಿತು. 2001ರಲ್ಲಿ ತೆರೆದ ಮಸ್ಕತ್ತಿನ ಮಹಾಮಸೀದಿಗೆ ಬಳಸಿದ ಮರಳುಗಲ್ಲು ಭಾರತದಿಂದಲೇ ಹೋದುದು.

ಇನ್ನು ಬೇಸಿಗೆಯ ಕಾರಣ. ನಮ್ಮ ಮಗ ಹನ್ನೆರಡು ವರ್ಷಗಳಿಂದ ಅಲ್ಲಿ ಕಟ್ಟಡದ ಕೆಲಸಗಳನ್ನು ನಿಂತು ಮಾಡಿಸುತ್ತಾನೆ. ಅವನು ಹೊರಟಾಗ ನಾವು ಹರಸಲಿಲ್ಲ. “ಮನೆಯಲ್ಲಿ ಹೊಲವಿದೆ, ತಲೆಯ ಮೇಲೆ ಸೂರಿದೆ, ದುಡ್ಡಿನಾಸೆಗೆ ಮರಳುಗಾಡು ಸೇರುತ್ತೀಯಾ?” ಎಂದೆವು. ಪ್ರತಿವರ್ಷ ಅವನು ರಜೆಗೆ ಬಂದಾಗಲೂ ಬೇರೆ ಬೇರೆ ಮಾತುಗಳಲ್ಲಿ ಅದನ್ನೇ ಹೇಳಿದೆವು. ಅವನು ಎದುರಾಡಲಿಲ್ಲ. ಕಳೆದ ದೀಪಾವಳಿಗೆ ಬಂದಿದ್ದ ಹತ್ತು ವರ್ಷದ ಮೊಮ್ಮಗ ಪಡಸಾಲೆಯಲ್ಲಿ ಆಡುತ್ತಾಡುತ್ತ ಹೇಳಿದ: “ಅಜ್ಜಾ, ಬ್ಯಾಸಿಗ್ಯಾಗ ಅಪ್ಪ ಮನಿಗೆ ಬಂದಕೂಡಲೇ ಮಾತಾಡೂದಿಲ್ಲ. ಒದ್ದಿ ಟವೆಲ್ ತಲಿಮ್ಯಾಲ ಹಾಕ್ಕೊಂಡು ಸುಮ್ಮನ ಕುಂದರ್ತಾನ.”

ಕಾಯಕದ ಮಹಿಮೆಯನ್ನು ವೇದಿಕೆಗಳ ಮೇಲೆ ಮೂವತ್ತು ವರ್ಷ ಉಪನ್ಯಾಸ ಮಾಡಿದವರು ನಾವು. ಮನೆಯ ಮಗನ ಕಾಯಕವನ್ನು ಮಾತ್ರ ಆಸೆಯೆಂದು ಕರೆದೆವು. ಅಂದಿನ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಜೂನ್‌ನಿಂದ ಆಗಸ್ಟಿನವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಯ ತನಕ ಬಯಲಿನಲ್ಲಿ ಕೆಲಸ ಮಾಡಿಸಕೂಡದೆಂದು ಅಲ್ಲಿ ಕಾನೂನೇ ಇದೆಯೆಂಬುದನ್ನು ನಾವು ತಿಳಿದುಕೊಂಡದ್ದು ಆಮೇಲೆಯೇ. ತಂಪಿನ ದಿನಗಳಲ್ಲಿ ಹೋದರೆ ಊರನ್ನು ನೋಡಿದಂತಾದೀತು, ಮಗನನ್ನು ನೋಡಿದಂತಾಗದು. ಹೀಗೆಂದು ನಿಶ್ಚಯಿಸಿದೆವು.

ಸಿದ್ಧತೆ ನಡೆದಿದೆ. ಮನೆಯವರು ಖಡಕ್ ರೊಟ್ಟಿ, ಶೇಂಗಾಚಟ್ನಿಗಳ ಲೆಕ್ಕ ಹಾಕುತ್ತಿದ್ದಾರೆ. ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು, ನಡುಹಗಲು ಹೊರಬೀಳಕೂಡದು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಹತ್ತಿಯ ಅಂಗಿ, ಔಷಧದ ಚೀಟಿ, ಒಂದು ಛತ್ರಿ ಪೆಟ್ಟಿಗೆ ಸೇರಿವೆ.

ಮಗನಲ್ಲಿ ಒಂದೇ ಬೇಡಿಕೆಯಿಟ್ಟಿದ್ದೇವೆ: ಒಂದು ಬೆಳಗ್ಗೆ ನಿನ್ನ ಕೆಲಸದ ಸ್ಥಳಕ್ಕೆ ಕರೆದುಕೊಂಡು ಹೋಗು. ದೂರವಾಣಿಯಲ್ಲಿ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅರ್ಧ ತಾಸು ಅಷ್ಟ, ಅದೂ ನೆರಳಿನ್ಯಾಗ” ಎಂದ.

ಆಗಲಿ, ಒಂದು ಅಥರ್ ನಮಗೆ ಸಾಕು.