ಬಾಲಾನಗರದಿಂದ ಜೂಬಿಲಿ ಹಿಲ್ಸ್‌ವರೆಗೆ

ಹೈದರಾಬಾದಿಗೆ ಬಂದ ನಮ್ಮವರಿಗೆ ಬಾಲಾನಗರವೆಂದರೆ ಕಾರ್ಖಾನೆಗಳ ಬೀಡು. 1960ರ ದಶಕದಲ್ಲಿ ಔಷಧ ತಯಾರಿಸುವ ಐ.ಡಿ.ಪಿ.ಎಲ್., ವಿಮಾನಗಳ ಉಪಕರಣ ಮಾಡುವ ಎಚ್.ಎ.ಎಲ್. ಇಲ್ಲಿ ತಲೆಯೆತ್ತಿದವು. ಬೆನ್ನಿಗೇ ಲೇತ್ ಯಂತ್ರಗಳ ಸಣ್ಣ ಷೆಡ್ಡುಗಳು ಸಾಲುಗಟ್ಟಿದವು. ಐ.ಡಿ.ಪಿ.ಎಲ್. ನಿಂತುಹೋಗಿದೆ, ಷೆಡ್ಡುಗಳ ಸದ್ದು ನಿಂತಿಲ್ಲ. ಹಳ್ಳಿಯಲ್ಲಿ ಉಳಲು ಹೊಲವಿಲ್ಲದೆ ಇಲ್ಲಿಗೆ ಬಂದು ದುಡಿದವರು ಅದೆಷ್ಟೋ ಮಂದಿ.

ಆ ಹೊಲದ ಪ್ರಶ್ನೆಯೇ 2004ರಲ್ಲಿ ಇಲ್ಲಿಗೆ ಕೆಲವೇ ಮೈಲಿ ದೂರದ ಜೂಬಿಲಿ ಹಿಲ್ಸ್‌ನಲ್ಲಿ ಚರ್ಚೆಗೆ ಬಂದಿತು. ಬಾಲಾನಗರದಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿ ನಾವು ಆ ಸ್ಥಳವನ್ನು ನೋಡಲು ಹೋದೆವು. ಮರ್ರಿ ಚೆನ್ನಾರೆಡ್ಡಿ ಸಂಸ್ಥೆಯೆಂದರೆ ಅಧಿಕಾರಿಗಳಿಗೆ ತರಬೇತಿ ಕೊಡುವ ಜಾಗ. ಆದರೆ ಆ ವರ್ಷದ ಅಕ್ಟೋಬರ್ 15ರಿಂದ 18ರವರೆಗೆ ಇಲ್ಲಿ ಒಂದು ಕಡೆ ಆಂಧ್ರಪ್ರದೇಶದ ಗೃಹಮಂತ್ರಿ ಜಾನಾರೆಡ್ಡಿಯವರೂ, ಎದುರಿಗೆ ಕಾಡಿನಿಂದ ಬಂದ ನಕ್ಸಲೀಯ ಮುಖಂಡ ರಾಮಕೃಷ್ಣ ಮೊದಲಾದವರೂ ಕುಳಿತಿದ್ದರು.

ಮಾತುಕತೆಗೆ ಮುನ್ನಾದಿನ ಮತ್ತೊಂದು ಸುದ್ದಿ ಹೊರಬಿದ್ದಿತ್ತು. ಪೀಪಲ್ಸ್ ವಾರ್ ಮತ್ತು ಎಂ.ಸಿ.ಸಿ. ಎಂಬ ಎರಡು ಗುಂಪುಗಳು ಸೆಪ್ಟೆಂಬರ್ 21ರಂದೇ ಒಂದಾಗಿ ಸಿ.ಪಿ.ಐ. (ಮಾವೋವಾದಿ) ಎಂಬ ಹೆಸರು ತಳೆದಿದ್ದವು. 1990ರ ದಶಕದಲ್ಲಿ ಬಿಹಾರದ ಕಡೆ ಒಬ್ಬರನ್ನೊಬ್ಬರು ಕೊಂದವರು ಇವರೇ. ಜನಶಕ್ತಿ ಎಂಬ ಬೇರೊಂದು ಗುಂಪಿನ ಮುಖಂಡರೂ ಅದೇ ಮೇಜಿನ ಬಳಿ ಜೊತೆಗೆ ಕುಳಿತರು. ಹಳೆಯ ಹಗೆಗಳು ತಮ್ಮತಮ್ಮಲ್ಲಿ ರಾಜಿಯಾದ ಮೇಲೆ ಸರಕಾರದೊಡನೆಯೂ ರಾಜಿಯಾದೀತೆಂದು ಎಷ್ಟೋ ಜನ ಆಸೆಪಟ್ಟರು. ಮುಖಂಡರು ಇಳಿದುಕೊಂಡಿದ್ದ ಮಂಜೀರಾ ಅತಿಥಿಗೃಹಕ್ಕೆ ಹಳ್ಳಿಗರು ಅಹವಾಲು ಹಿಡಿದುಕೊಂಡು ಬಂದರು.

ಇಬ್ಬರನ್ನೂ ಮೇಜಿನ ಬಳಿಗೆ ತರಲು ದುಡಿದವರಲ್ಲಿ ನಿವೃತ್ತ ಅಧಿಕಾರಿ ಎಸ್.ಆರ್. ಶಂಕರನ್ ಮುಖ್ಯರು. 1987ರಲ್ಲಿ ನಕ್ಸಲೀಯರೇ ಅವರನ್ನು ಒತ್ತೆಯಿಟ್ಟುಕೊಂಡಿದ್ದರು. ಅಂಥವರೇ ಮುಂದೆ ಎರಡೂ ಕಡೆಯವರಿಗೆ ಕೊಲೆ ನಿಲ್ಲಿಸಿರೆಂದು ವರ್ಷಗಟ್ಟಲೆ ಹೇಳುತ್ತ ಬಂದರು.

ಆದರೆ ಗಂಟು ಬಿದ್ದದ್ದು ಬಂದೂಕಿನಲ್ಲಿ. ಆಯುಧ ಹಿಡಿದು ಊರೂರು ತಿರುಗಬಾರದೆಂದಿತು ಸರಕಾರ. ಅದನ್ನು ಬಿಡಲಾರೆವೆಂದರು ಅವರು. 2005ರ ಜನವರಿಯಲ್ಲಿ, ಪೊಲೀಸರ ಗುಂಡಿಗೆ ತಮ್ಮವರು ಸಾಯುತ್ತಿದ್ದಾರೆಂದು ಹೇಳಿ ಮಾವೋವಾದಿಗಳು ಮಾತುಕತೆಯಿಂದ ಹೊರನಡೆದರು. ಗುಂಪುಗಳ ಒಗ್ಗಟ್ಟು ಅವುಗಳ ಬಲವನ್ನು ಹೆಚ್ಚಿಸಿತೇ ಹೊರತು ಶಾಂತಿಯನ್ನು ತರಲಿಲ್ಲ.

ಅದರ ಬಿಸಿ ನಮ್ಮ ಗಡಿಗೂ ತಟ್ಟಿತು. ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ದಾಳಿಯಾಯಿತು. ಆಗಸ್ಟ್ 15ರಂದು ನಾರಾಯಣಪೇಟೆಯಲ್ಲಿ ಮಕ್ತಲ್ ಶಾಸಕ ಚಿಟ್ಟೆಂ ನರಸಿರೆಡ್ಡಿಯವರೂ ಅವರ ಮಗನೂ ಇತರರೂ ಗುಂಡಿಗೆ ಬಲಿಯಾದರು. ಎರಡು ದಿನಗಳಲ್ಲಿ ಮತ್ತೆ ನಿಷೇಧ ಬಂದಿತು. ರಾಯಚೂರಿಗೆ ಹೋಗುವ ನಮ್ಮ ಕುಟುಂಬಗಳ ಬಸ್ಸು ಮಕ್ತಲ್ ಹಾದೇ ಹೋಗುತ್ತದೆ. ಆ ದಾರಿಯ ಇಕ್ಕೆಲದ ಹೊಲಗಳನ್ನು ನೋಡುವಾಗ, ಹಳ್ಳಿಗರು ಅಂದು ಕೈಯಲ್ಲಿ ಹಿಡಿದು ತಂದ ಅಹವಾಲುಗಳನ್ನು ಮಕ್ಕಳಿಗೆ ಒಮ್ಮೆ ನೆನಪು ಮಾಡಿಕೊಡಿ.